ಆರು ಮಂಗಳವಾರದ ಕೃಪೆ ಕ್ಲಾಸು: ದುಡ್ಡಿಗೆ ಮೋಸವಿಲ್ಲ, ಸೊಂಟಕ್ಕೆ ಇದೆ

ಮೊದಲೇ ಹೇಳಿಬಿಡುತ್ತೇನೆ, ಇದು ಪ್ರಾರ್ಥನಾ ಕೂಟವಲ್ಲ. ಕೀಬೋರ್ಡು, ಹಾಡು, ಸಾಕ್ಷಿ ಹೇಳುವುದು ಯಾವುದೂ ಇಲ್ಲ. ಒಂದು ಕರಿ ಹಲಗೆ, ಜೆರಾಕ್ಸ್ ಮಾಡಿದ ನೋಟ್ಸು, ಎದುರಿಗೆ ನಿವೃತ್ತ ಮೇಷ್ಟ್ರು. ಮನುಷ್ಯ ರಕ್ಷಣೆ ಹೊಂದುವುದು ದೇವರ ಕೃಪೆಯೊಂದರಿಂದಲೋ, ಅದರಲ್ಲಿ ಅವನ ಸ್ವಂತ ಮನಸ್ಸಿಗೂ ಪಾಲಿದೆಯೋ ಎನ್ನುವ ಒಂದೇ ಪ್ರಶ್ನೆ ಹಿಡಿದುಕೊಂಡು ಆರು ಮಂಗಳವಾರ, ಸಂಜೆ ಆರೂವರೆಯಿಂದ ಎಂಟರವರೆಗೆ ಪಾಠ. ಮೈಸೂರಿನಲ್ಲೇ, ಫಿಲೋಮಿನಾ ಚರ್ಚಿನಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಹಾಲಿನಲ್ಲಿ. ಹೆಸರು, ವಿಳಾಸ ಹಾಕುತ್ತಿಲ್ಲ. ಮೇಷ್ಟ್ರೇ ಬೇಡವೆಂದರು. ಹಾಲು ಹಿಡಿಸುವುದೇ ಮೂವತ್ತು ಜನ, ಆಮೇಲೆ ಬಂದವರನ್ನು ವಾಪಸ್ ಕಳಿಸೋದು ಕಷ್ಟ ಕಣಮ್ಮ ಅಂದರು. ಊರಿನ ಯಾವ ಚರ್ಚಿನಲ್ಲಿ ಕೇಳಿದರೂ ಯಾರಾದರೊಬ್ಬರಿಗೆ ಗೊತ್ತಿರುತ್ತದೆ.

ಶುಲ್ಕ ಮುನ್ನೂರು ರೂಪಾಯಿ. ನೋಟ್ಸು, ಟೀ, ಬಿಸ್ಕತ್ತು ಎಲ್ಲ ಅದರಲ್ಲೇ. ಯಾವ ಸಭೆಯವರು, ಯಾವ ಜಾತಿಯವರು ಅಂತ ಯಾರೂ ಕೇಳುವುದಿಲ್ಲ.

ನಾನು ಬಸ್ ಕಂಡಕ್ಟರ್. ಮಂಡ್ಯದ ಸಿಎಸ್‌ಐ (ದಕ್ಷಿಣ ಇಂಡಿಯಾ ಸಭೆ) ಚರ್ಚಿನಲ್ಲಿ ಬೆಳೆದು ಮದುವೆಯಾಗಿ ಮೈಸೂರಿಗೆ ಬಂದವಳು. ಮಂಗಳವಾರ ಬೆಳಗಿನ ಪಾಳಿ ಹಾಕಿಸಿಕೊಂಡು, ಮನೆಗೆ ಹೋಗಿ ಸ್ನಾನ ಮಾಡಿ ಕ್ಲಾಸಿಗೆ ಹೋಗುತ್ತಿದ್ದೆ. ದೇವಶಾಸ್ತ್ರ ಓದಿದವಳಲ್ಲ. ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ವಚನಗಳಷ್ಟೇ ನನ್ನ ಬಂಡವಾಳ. ಅಷ್ಟು ಇಟ್ಟುಕೊಂಡು ಹೋದವಳಿಗೆ ಏನು ಸಿಕ್ಕಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಪಾದ್ರಿಗಳಿಗೆ, ಸೆಮಿನರಿ ಹುಡುಗರಿಗೆ ಇದು ತೀರಾ ಮೊದಲ ಮೆಟ್ಟಿಲು ಅನ್ನಿಸಬಹುದು.

ಬೈಯುವುದನ್ನು ಮೊದಲು ಮುಗಿಸಿಕೊಳ್ಳುತ್ತೇನೆ. ಕುರ್ಚಿಗಳು ಮದುವೆ ಮನೆಗೆ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಕುರ್ಚಿಗಳು, ಅದರಲ್ಲೂ ಕೈ ಇಲ್ಲದವು. ದಿನವೆಲ್ಲ ನಿಂತು ಕೆಲಸ ಮಾಡುವ ನನಗೇ ಒಂದೂವರೆ ಗಂಟೆ ಕೂತು ಸೊಂಟ ಹಿಡಿಯಿತು ಅಂದರೆ ವಯಸ್ಸಾದವರ ಗತಿ ನೀವೇ ಯೋಚಿಸಿ. ನಡು ಫ್ಯಾನು ಶಬ್ದ ಮಾಡುತ್ತದೆ. ಹಾಕಿದರೆ ಮೇಷ್ಟ್ರ ಮಾತು ಕೇಳಿಸುವುದಿಲ್ಲ, ಆರಿಸಿದರೆ ಸೊಳ್ಳೆ. ಮೈಕ್ ಇದೆ, ಆದರೆ ಅವರು ಅದನ್ನು ಮುಟ್ಟುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತರೆ ಅರ್ಧ ಪಾಠ ಹೋಯಿತು ಅಂತಲೇ ತಿಳಿಯಿರಿ. ನೋಟ್ಸಿನ ಜೆರಾಕ್ಸು ಮೂರನೇ ವಾರದ್ದು ಓದಲಿಕ್ಕೇ ಆಗಲಿಲ್ಲ, ಅಂಚಿನ ಸಾಲುಗಳೇ ಹಾರಿಹೋಗಿದ್ದವು. ಟೀ ಮಾತ್ರ ಪ್ರತಿ ವಾರವೂ ಚೆನ್ನಾಗಿತ್ತು, ಶುಂಠಿ ಜಜ್ಜಿ ಹಾಕಿದ್ದು.

ಇನ್ನು ಪಾಠ. ಎಲ್ಲ ಕೃಪೆಯೇ ಅಂತ ವಾದಿಸಿದ ಹಳೇ ಕಾಲದ ಬಿಷಪ್ ಆಗಸ್ಟೀನನಿಂದ ಮೇಷ್ಟ್ರು ಮೊದಲ ದಿನ ಶುರು ಮಾಡುತ್ತಾರೆ ಅಂದುಕೊಂಡಿದ್ದೆವು. ಅವರು ಯೋಹಾನನ ಸುವಾರ್ತೆಯ ಐದನೇ ಅಧ್ಯಾಯ ತೆಗೆದರು. ಬೇತೆಸ್ದ ಕೊಳದ ದಡದಲ್ಲಿ 38 ವರ್ಷದಿಂದ ಕಾಯಿಲೆ ಬಿದ್ದ ಮನುಷ್ಯ. ಯೇಸು ಅವನನ್ನು ಕೇಳುತ್ತಾರೆ: ನಿನಗೆ ವಾಸಿಯಾಗುವ ಮನಸ್ಸಿದೆಯಾ? ಈ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ, ಅವನು ಹೂಂ ಅಂದನಾ? ಎಲ್ಲರೂ ಅಂದ ಅಂದೆವು. ಓದಿ ನೋಡಿ ಅಂದರು. ಅವನು ಹೂಂ ಅನ್ನುವುದೇ ಇಲ್ಲ! ನೀರು ಕಲಕಿದಾಗ ನನ್ನನ್ನು ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಬೇರೆಯವನು ಇಳಿದುಬಿಡುತ್ತಾನೆ ಅಂತ ದೂರು ಹೇಳುತ್ತಾನೆ. ಯೇಸು ಆ ದೂರಿಗೆ ಉತ್ತರವನ್ನೂ ಕೊಡದೆ ಎದ್ದೇಳು, ಹಾಸಿಗೆ ಎತ್ತಿಕೊ ಅನ್ನುತ್ತಾರೆ. ಹಾಗಿದ್ದ ಮೇಲೆ ಮನಸ್ಸಿದೆಯಾ ಅಂತ ಕೇಳಿದ್ದು ಯಾಕೆ? ಅದು ಬೇಕಿಲ್ಲದಿದ್ದರೆ ಕೇಳಬೇಕಿರಲಿಲ್ಲ, ಅದೇ ಮುಖ್ಯವಾಗಿದ್ದರೆ ಉತ್ತರಕ್ಕೆ ಕಾಯಬೇಕಿತ್ತು. ಇಷ್ಟು ಹೇಳಿ ಮೇಷ್ಟ್ರು ಹಲಗೆಯ ಒಂದು ಬದಿಗೆ ‘ಕೇಳಿದ’, ಇನ್ನೊಂದು ಬದಿಗೆ ‘ಕಾಯಲಿಲ್ಲ’ ಅಂತ ಬರೆದರು. ಆರು ವಾರವೂ ಆ ಎರಡು ಪದ ಹಲಗೆಯ ಮೂಲೆಯಲ್ಲಿ ಹಾಗೇ ಇದ್ದವು. ನನ್ನ ಮುನ್ನೂರು ರೂಪಾಯಿ ಅಲ್ಲಿಗೇ ವಸೂಲಾಯಿತು.

ಆಗಸ್ಟೀನ ಮತ್ತು ಪೆಲಾಜಿಯಸ್ ಜಗಳವನ್ನು ಹೇಳಿದ ರೀತಿಯೂ ಹಿಡಿಸಿತು. ನಾವು ಕೇಳಿಕೊಂಡು ಬಂದದ್ದು ಪೆಲಾಜಿಯಸ್ ಅಂದರೆ ಖಳನಾಯಕ, ಕೃಪೆಯೇ ಬೇಡ ಅಂದವನು ಅಂತ. ಮೇಷ್ಟ್ರು ಅವನ ಪರ ವಕೀಲರ ಹಾಗೆ ನಿಂತರು. ಬ್ರಿಟನ್ ಕಡೆಯಿಂದ ರೋಮಿಗೆ ಬಂದ ವಿರಕ್ತ. ಅಲ್ಲಿ ಹೆಸರಿಗೆ ಕ್ರೈಸ್ತರಾಗಿ, ಬದುಕೆಲ್ಲ ಮೊದಲಿನ ಹಾಗೇ ನಡೆಸುತ್ತಿದ್ದವರನ್ನು ನೋಡಿ ರೋಸಿಹೋಗಿದ್ದ. ನಮ್ಮ ಕೈಲಿ ಏನಿದೆ, ಎಲ್ಲ ದೇವರ ಕೈಲಿ ಅನ್ನುವ ಸೋಮಾರಿತನ ಅವನಿಗೆ ಸಹಿಸುತ್ತಿರಲಿಲ್ಲ. ಅಂಥವನ ಕಿವಿಗೆ ಆಗಸ್ಟೀನನ ಪ್ರಾರ್ಥನೆ ಬಿತ್ತು: ನೀನು ಆಜ್ಞಾಪಿಸುವುದನ್ನು ಮಾಡುವ ಶಕ್ತಿ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು. ಪೆಲಾಜಿಯಸ್ ಕೆರಳಿದ. ಮಾಡಲಾಗದ್ದನ್ನು ದೇವರು ಹೇಳುತ್ತಾನಾ? ಹೇಳಿದ ಮೇಲೆ ನಮ್ಮ ಕೈಲಿ ಆಗಲೇಬೇಕು ಅನ್ನುವುದು ಅವನ ವಾದ. 410ರಲ್ಲಿ ರೋಮ್ ಲೂಟಿಯಾದ ಹೊತ್ತಿಗೆ ಅವನು ಆಫ್ರಿಕಾಕ್ಕೆ, ಅಲ್ಲಿಂದ ಪ್ಯಾಲೆಸ್ತೀನಿಗೆ ಹೋದ. 415ರಲ್ಲಿ ಅಲ್ಲಿಯ ಬಿಷಪ್ಪರ ಒಂದು ಸಭೆ ಅವನನ್ನು ನಿರ್ದೋಷಿ ಅಂತಲೂ ಬಿಟ್ಟಿತು. 418ರಲ್ಲಿ ಆಫ್ರಿಕಾದ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ ಅವನ ಬೋಧನೆಯನ್ನು ಖಂಡಿಸಿತು.

ಇದೆಲ್ಲ ಪುಸ್ತಕದಲ್ಲೂ ಸಿಗುತ್ತದೆ ಬಿಡಿ. ಸಿಗದೇ ಇರುವುದು ಎರಡನೇ ವಾರ ನಮ್ಮ ಕ್ಲಾಸಿನಲ್ಲಿ ನಡೆದದ್ದು. ಗಾಂಧಿನಗರದ ಕಡೆಯ ಒಬ್ಬ ಕ್ಯಾಥೊಲಿಕ್ ಆಂಟಿ ಬರುತ್ತಿದ್ದರು, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಎಲ್ಲರಿಗೂ ಕೋಡುಬಳೆ ತರುವವರು. ಅವರು ಎದ್ದು ನಿಂತು ಕೇಳಿದರು. ‘ಮೇಷ್ಟ್ರೇ, ನನ್ನ ಮಗ ಚರ್ಚು ಬಿಟ್ಟು ಎಷ್ಟೋ ವರ್ಷ ಆಯ್ತು. ದಿನಾ ಜಪಮಾಲೆ ಹಿಡ್ಕೊಂಡು ಅವನಿಗೋಸ್ಕರ ಬೇಡ್ಕೋತೀನಿ. ಅವನಿಗೆ ಮನಸ್ಸೇ ಇಲ್ಲ. ದೇವರು ಅವನ ಮನಸ್ಸನ್ನ ತಿರುಗಿಸ್ತಾನೆ ಅಂದ್ರೆ, ಅದು ಅವನ ಮನಸ್ಸು ಹೆಂಗಾಯ್ತು? ತಿರುಗಿಸಲ್ಲ ಅಂದ್ರೆ, ನಾನು ಯಾಕೆ ಬೇಡ್ಕೋಬೇಕು?’

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಇದೇ ಪ್ರಶ್ನೆಯನ್ನು ಆಗಸ್ಟೀನನೇ ಕಾರ್ಥೇಜಿನ ವಿಟಾಲಿಸ್ ಎನ್ನುವವನಿಗೆ ಕಾಗದದಲ್ಲಿ ತಿರುಗಿಸಿ ಹಾಕಿದ್ದಾನಂತೆ. ನಂಬಿಕೆಯ ಮೊದಲ ಹೆಜ್ಜೆ ಪೂರ್ತಿ ಮನುಷ್ಯನದೇ ಅನ್ನುವುದಾದರೆ, ನಂಬದವರು ನಂಬಲಿ ಅಂತ ಸಭೆ ಪ್ರಾರ್ಥನೆ ಮಾಡುವುದು ಯಾಕೆ? ಹೋಗಿ ಅವರಿಗೇ ಉಪದೇಶ ಹೇಳಿದರೆ ಸಾಕಲ್ಲ? ನಾವು ಮೊಣಕಾಲೂರುತ್ತೇವೆ ಅನ್ನುವುದೇ ದೇವರು ಮನಸ್ಸಿನೊಳಗೆ ಕೆಲಸ ಮಾಡುತ್ತಾನೆ ಅಂತ ನಾವು ನಂಬಿದ್ದೇವೆ ಅನ್ನುವುದಕ್ಕೆ ಗುರುತು. ಆಮೇಲೆ ಆಗಸ್ಟೀನನ ತಾಯಿ ಮೋನಿಕಳ ಕಥೆ ಹೇಳಿದರು. ಮಗನಿಗಾಗಿ ಅತ್ತು ಅತ್ತು ಒಬ್ಬ ಬಿಷಪ್ಪರ ಹತ್ತಿರ ಹೋಗಿ, ನೀವಾದರೂ ಅವನಿಗೆ ಬುದ್ಧಿ ಹೇಳಿ ಅಂತ ಕಾಡಿದಳು. ಅವರು ಕೊನೆಗೆ ಬೇಸತ್ತು, ಹೋಗಮ್ಮ, ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಅಂದರಂತೆ. ಮಗ 386ರಲ್ಲಿ ಮಿಲಾನಿನ ತೋಟದಲ್ಲಿ ಮನಸ್ಸು ತಿರುಗಿಸಿಕೊಂಡ, 387ರ ಈಸ್ಟರಿಗೆ ಅಲ್ಲಿಯ ಬಿಷಪ್ ಅಂಬ್ರೋಸನ ಕೈಯಲ್ಲಿ ದೀಕ್ಷಾಸ್ನಾನ. ಅದೇ ವರ್ಷ ಮೋನಿಕ ತೀರಿಕೊಂಡಳು.

‘ಅದು ಅವನ ಮನಸ್ಸು ಹೆಂಗಾಯ್ತು ಅಂತ ಹೇಳಲಿಲ್ಲವಲ್ಲ’ ಅಂದರು ಆಂಟಿ. ಬಿಡುವವರಲ್ಲ ಅವರು. ಮೇಷ್ಟ್ರು ನಕ್ಕು, ಆಗಸ್ಟೀನನ ಲೆಕ್ಕದಲ್ಲಿ ಕೃಪೆ ಮನಸ್ಸನ್ನು ಕಟ್ಟಿಹಾಕುವುದಿಲ್ಲ, ಕಟ್ಟು ಬಿಚ್ಚುತ್ತದೆ. ಕುಡಿತದ ಚಟದಲ್ಲಿರುವವನು ತನ್ನಿಷ್ಟಕ್ಕೆ ಕುಡಿಯುತ್ತಾನಾ, ಬಿಟ್ಟವನು ತನ್ನಿಷ್ಟಕ್ಕೆ ಬಿಟ್ಟನಾ, ಇಬ್ಬರಲ್ಲಿ ಸ್ವತಂತ್ರ ಯಾರು ಅಂತ ಕೇಳಿದರು. ಆಂಟಿ ಕೂತರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮುಂದಿನ ವಾರ ಕೋಡುಬಳೆ ಡಬ್ಬಿ ಮತ್ತೆ ಬಂತು.

ಕಾಸಿಯನ್ ಎಂಬ ಸನ್ಯಾಸಿಯ ಪಾಠ ಇಡೀ ಕೋರ್ಸಿನಲ್ಲಿ ನನಗೆ ಹೆಚ್ಚು ಕೆಲಸ ಕೊಟ್ಟಿತು. ದಕ್ಷಿಣ ಫ್ರಾನ್ಸಿನ ಮಾರ್ಸೇಯಲ್ಲಿ ಮಠ ಕಟ್ಟಿದವನು. ಅವನು ಬೈಬಲನ್ನೇ ಮುಂದಿಟ್ಟು ಕೇಳುತ್ತಾನೆ. ಪೌಲನನ್ನೂ ಮತ್ತಾಯನನ್ನೂ ನೋಡಿದರೆ ದೇವರೇ ಎಳೆದುಕೊಂಡ ಹಾಗಿದೆ. ಜಕ್ಕಾಯನನ್ನೂ ಶಿಲುಬೆಯ ಮೇಲಿನ ಕಳ್ಳನನ್ನೂ ನೋಡಿದರೆ ಅವರೇ ಮೊದಲು ಆಸೆಪಟ್ಟ ಹಾಗಿದೆ. ಹಾಗಾದರೆ ಒಂದೊಂದು ಸಲ ಒಂದೊಂದು ಥರ ಅನ್ನಬಾರದೇಕೆ? ನನಗಂತೂ ಸರಿಯಾಗೇ ಕಂಡಿತು. ಆದರೆ 529ರಲ್ಲಿ ಆರೆಂಜ್ ಎಂಬ ಊರಿನಲ್ಲಿ, ಒಂದು ಹೊಸ ಚರ್ಚಿನ ಪ್ರತಿಷ್ಠೆಗೆ ಸೇರಿದ ಬಿಷಪ್ಪರು, ಆರ್ಲ್‌ನ ಸಿಸೇರಿಯಸ್‌ನ ಮುಂದಾಳತ್ವದಲ್ಲಿ ಅದನ್ನು ಒಪ್ಪಲಿಲ್ಲ. ನಂಬಬೇಕು ಅನ್ನುವ ಮೊದಲ ಆಸೆ, ಆ ಮಿಣುಕು ಕೂಡ ಕೃಪೆಯೇ ಅಂದರು. ಅದೇ ಉಸಿರಿನಲ್ಲಿ, ದೇವರು ಯಾರನ್ನಾದರೂ ಕೇಡಿಗೆಂದೇ ನೇಮಿಸಿದ್ದಾನೆ ಅನ್ನುವವರನ್ನೂ ಶಪಿಸಿದರು. ಎರಡೂ ಕಡೆ ಬೇಲಿ ಹಾಕಿ ನಡುವಿನ ದಾರಿ ಎಷ್ಟು ಅಗಲ ಅಂತ ಮಾತ್ರ ಹೇಳದೆ ಎದ್ದುಹೋದರು. ಮೇಷ್ಟ್ರು ಈ ಸಭೆಗೆ ಪೂರ್ತಿ ಒಂದು ಸಂಜೆ ಕೊಟ್ಟರು. ಕೊಡಬೇಕಾದ್ದೇ. ಆಮೇಲಿನ ಸಾವಿರ ವರ್ಷದ ಜಗಳವೆಲ್ಲ ಈ ಬೇಲಿಯೊಳಗಿನದು.

ಆ ದಿನ ನಾನು ಬಾಯಿ ತೆರೆದೆ. ನನಗೆ ಗೊತ್ತಿರುವುದು ಟಿಕೆಟ್ಟು, ಅದನ್ನೇ ಹೇಳಿದೆ. 2023ರ ಜೂನಿನಿಂದ ನಮ್ಮಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ. ಬಿಟ್ಟಿ ಅಂದ ಮಾತ್ರಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಅಂತಲ್ಲ, ಕೊಟ್ಟ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ಕಟ್ಟುತ್ತದೆ. ಹತ್ತಿದವರು ಕಾರ್ಡು ತೋರಿಸಬೇಕು, ಟಿಕೆಟ್ ಕೈಯಲ್ಲಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವುದರಲ್ಲಿ ಅವರ ದುಡಿಮೆ ಏನೂ ಇಲ್ಲ, ಆದರೂ ತೆಗೆದುಕೊಳ್ಳದಿದ್ದರೆ ಚೆಕಿಂಗಿನವರು ಬಿಡುವುದಿಲ್ಲ. ಕೃಪೆಯೂ ಮನಸ್ಸೂ ಹೀಗೇ ಅಲ್ಲವಾ ಅಂದೆ.

ಕ್ಲಾಸು ಎದ್ದು ಕೂತಿತು. ಪೆಂಟೆಕೊಸ್ಟಲ್ ಸಭೆಯ ಹುಡುಗನೊಬ್ಬ, ಹೆಬ್ಬಾಳದ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು, ‘ಅಕ್ಕಾ, ಗಂಡಸರಿಗೆ ಇಲ್ಲವಲ್ಲ, ಆರಿಸಿಕೊಂಡೋರಿಗೆ ಮಾತ್ರ! ಇದು ಕ್ಯಾಲ್ವಿನ್ ಯೋಜನೆ’ ಅಂದ. ಯಾರಿಗೆ ರಕ್ಷಣೆ ಅನ್ನುವುದನ್ನು ದೇವರು ಮೊದಲೇ ಆರಿಸಿಟ್ಟಿದ್ದಾನೆ ಅಂತ ಕಲಿಸಿದವನು ಕ್ಯಾಲ್ವಿನ್. ನಗು ನಿಲ್ಲುವಷ್ಟರಲ್ಲಿ ಮೇಷ್ಟ್ರು ಹಲಗೆಗೆ ಬಸ್ ಬರೆದಿದ್ದರು. ಆರೆಂಜ್ ಸಭೆಯವರು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರಮ್ಮ, ಅಂದರು. ಊರಿಗೆ ಹೋಗಬೇಕು ಅನ್ನುವ ಆಸೆಯನ್ನು ಆ ಹೆಂಗಸಿನ ಎದೆಯಲ್ಲಿ ಹುಟ್ಟಿಸಿದವರು ಯಾರು? ನಿಮ್ಮ ಬಸ್ಸು ಸ್ಟಾಪಿಗೆ ಬಂದವರನ್ನು ಹತ್ತಿಸಿಕೊಳ್ಳುತ್ತದೆ. ಅವರು ಹೇಳುವ ಕೃಪೆ ಮನೆಯೊಳಗೆ ಬಂದು, ಹೊರಡುವ ಮನಸ್ಸೇ ಇಲ್ಲದೆ ಮಲಗಿದವಳನ್ನು ಎಬ್ಬಿಸುತ್ತದೆ.

ಸರಿ, ನನ್ನ ಹೋಲಿಕೆ ಅಲ್ಲಿಗೆ ಕುಂಟಿತು. ಆದರೆ ಅದರಲ್ಲಿ ಅವರಿಗೆ ಗೊತ್ತಿಲ್ಲದ, ಕಂಡಕ್ಟರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಉಂಟು. ಬಿಟ್ಟಿ ಅಂದರೆ ಎಲ್ಲರೂ ಕೈ ಚಾಚುತ್ತಾರೆ ಅನ್ನುವುದು ಸುಳ್ಳು. ಯಲಿಯೂರಿನಲ್ಲಿ ಹತ್ತುವ ಒಬ್ಬ ಅಜ್ಜಿ ಇದ್ದಾರೆ. ಸೆರಗಿನ ತುದಿಯ ಗಂಟು ಬಿಚ್ಚಿ, ಮಡಿಸಿ ಮಡಿಸಿ ಮೆತ್ತಗಾದ ನೋಟು ತೆಗೆದು ನನ್ನ ಕೈಗೆ ತುರುಕುತ್ತಾರೆ. ‘ಅಜ್ಜಿ, ನಿಮಗೆ ಫ್ರೀ, ಕಾರ್ಡ್ ತೋರಿಸಿ ಸಾಕು’ ಅಂದರೆ, ‘ಯಾಕವ್ವ, ನಂಗೇನ್ ಗತಿ ಇಲ್ವಾ? ತಕೊ ದುಡ್ಡ’ ಅಂತ ರೇಗುತ್ತಾರೆ. ಕಾರ್ಡು ಚೀಲದಲ್ಲೇ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದಾರೆ. ತೆಗೆಯುವುದಿಲ್ಲ. ಕೊಡುವ ಶಕ್ತಿ ಇಲ್ಲದವರಲ್ಲ, ಇಸಿದುಕೊಳ್ಳುವ ಮನಸ್ಸಿಲ್ಲದವರು. ನಾನು ಟಿಕೆಟ್ ಹರಿಯುತ್ತೇನೆ, ಅವರು ಗೆದ್ದ ಮುಖ ಮಾಡಿಕೊಂಡು ಕಿಟಕಿ ಪಕ್ಕ ಕೂರುತ್ತಾರೆ. ಪೆಲಾಜಿಯಸ್ ಅಂದಾಗಲೆಲ್ಲ ನನಗೆ ಆ ಅಜ್ಜಿಯ ಮುಖವೇ ಬರುತ್ತದೆ, ಪಾಪ. ಮನುಷ್ಯನ ಮನಸ್ಸು ಬೇಕು ಅಂದರೆ ನಾವೂ ಸ್ವಲ್ಪ ಕಷ್ಟಪಡಬೇಕು, ಒಂದಿಷ್ಟು ನಮ್ಮ ಕೈಯಿಂದಲೂ ಕಟ್ಟಬೇಕು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಕಟ್ಟದೆ ಇಸಿದುಕೊಳ್ಳುವುದಕ್ಕೇ ಮನಸ್ಸು ಬೇಕು, ಅದೇ ನಮ್ಮಲ್ಲಿ ಇಲ್ಲದ್ದು ಅನ್ನುವುದು ಈ ಕ್ಲಾಸಿನಿಂದ ನನಗೆ ಸಿಕ್ಕಿದ್ದು. ಇದನ್ನು ಹೇಳಿದಾಗ ಮೇಷ್ಟ್ರು ಏನೂ ಅನ್ನಲಿಲ್ಲ, ಬಸ್ಸಿನ ಚಿತ್ರ ಮಾತ್ರ ಅಳಿಸಲಿಲ್ಲ.

ನಾಲ್ಕನೇ ವಾರ ಪ್ರೊಟೆಸ್ಟೆಂಟ್ ಸುಧಾರಣೆಯ ಲೂಥರ್ ಮತ್ತು ಕ್ಯಾಥೊಲಿಕ್ ಪಂಡಿತ ಎರಾಸ್ಮಸ್. ಇದು ಕುಸ್ತಿ ನೋಡಿದ ಹಾಗಿತ್ತು. 1524ರಲ್ಲಿ ಎರಾಸ್ಮಸ್ ಸ್ವತಂತ್ರ ಇಚ್ಛೆಯ ಪರ ಬರೆದ, 1525ರಲ್ಲಿ ಲೂಥರ್ ಮನಸ್ಸು ಬಂಧನದಲ್ಲಿದೆ ಅಂತ ಉತ್ತರ ಕೊಟ್ಟ. ಮನಸ್ಸು ಸವಾರಿಯ ಪ್ರಾಣಿ, ದೇವರು ಹತ್ತಿದರೆ ದೇವರು ಹೇಳಿದ ಕಡೆ, ಸೈತಾನ ಹತ್ತಿದರೆ ಅವನು ಹೇಳಿದ ಕಡೆ, ಸವಾರನನ್ನು ಆರಿಸಿಕೊಳ್ಳುವುದು ಪ್ರಾಣಿಯ ಕೈಲಿಲ್ಲ ಅನ್ನುವುದು ಲೂಥರನ ಮಾತು. ಬೈಗುಳಕ್ಕೆ ಕೊರತೆಯಿಲ್ಲ. ಆದರೂ ಕೊನೆಯಲ್ಲಿ ಎರಾಸ್ಮಸ್‌ಗೆ ಕೃತಜ್ಞತೆ ಹೇಳುತ್ತಾನೆ. ಪೋಪು, ಪರ್ಗೆಟರಿ (ಸತ್ತ ಮೇಲೆ ಪಾಪ ತೊಳೆಯುವ ಸ್ಥಿತಿ), ಪಾಪಕ್ಷಮೆಯ ಪತ್ರ ಅಂತ ಬೇರೆಯವರೆಲ್ಲ ಸುತ್ತಮುತ್ತ ಗುದ್ದಾಡಿದರು, ನೀನೊಬ್ಬನೇ ನೇರ ಕುತ್ತಿಗೆಗೆ ಕೈ ಹಾಕಿದೆ ಅನ್ನುತ್ತಾನೆ. ಎದುರಾಳಿಗೆ ಇಂಥ ಮರ್ಯಾದೆ ಇವತ್ತು ನಮ್ಮ ಸಭೆಯ ಚುನಾವಣೆಯಲ್ಲೂ ಕಾಣುವುದಿಲ್ಲ. 1547ರ ಟ್ರೆಂಟ್ ಸಭೆ ಕ್ಯಾಥೊಲಿಕರ ಪರ ಉತ್ತರ ಕೊಟ್ಟಿತು: ಮೊದಲು ಮುಟ್ಟುವುದು ದೇವರೇ, ಆದರೆ ಮುಟ್ಟಿಸಿಕೊಂಡ ಮನಸ್ಸು ಜಡವಸ್ತುವಲ್ಲ, ಒಪ್ಪಬಹುದು, ಒಲ್ಲೆ ಅನ್ನಲೂಬಹುದು. ಕೋಡುಬಳೆ ಆಂಟಿ ಇದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಗೆರೆ ಎಳೆದು ಬರೆದುಕೊಂಡರು.

ಐದನೇ ವಾರ ನಿರಾಸೆ. ಹಾಲೆಂಡಿನ ಕಥೆ ಅಷ್ಟು ರಸವತ್ತಾದದ್ದು, ಅದನ್ನು ಅರ್ಧ ಗಂಟೆಯಲ್ಲಿ ಓಡಿಸಿದರು. ದೇವರ ಆಯ್ಕೆಯ ಬಗ್ಗೆ ಕ್ಯಾಲ್ವಿನ್ ಪಕ್ಷದ ಮಾತನ್ನು ಪ್ರಶ್ನಿಸಿದ ಅರ್ಮೀನಿಯಸ್ 1609ರಲ್ಲಿ ಸತ್ತ, ಮರುವರ್ಷ ಅವನ ಕಡೆಯವರು ಐದು ಅಂಶಗಳ ಮನವಿ ಕೊಟ್ಟರು, 1618-19ರ ಡಾರ್ಟ್ ಸಭೆ ಅದನ್ನು ತಳ್ಳಿಹಾಕಿತು, ಅಷ್ಟೇ. ದೇವರ ಆಯ್ಕೆಯ ಪ್ರಶ್ನೆ ರಾಜಕೀಯದ ಜೊತೆ ಸೇರಿಕೊಂಡು ಅರ್ಮೀನಿಯಸ್ ಕಡೆಗೆ ನಿಂತ ಓಲ್ಡನ್‌ಬಾರ್ನೆವೆಲ್ಟ್ ಎಂಬ ಮುತ್ಸದ್ದಿಯ ತಲೆ ಹೋದದ್ದನ್ನು ಒಂದೇ ಸಾಲಿನಲ್ಲಿ ದಾಟಿದರು. ಗ್ರೋಷಿಯಸ್ ಎಂಬ ಪಂಡಿತ ಅದೇ ಕಡೆಯವನಾಗಿದ್ದಕ್ಕೆ ಕೋಟೆಯಲ್ಲಿ ಸೆರೆಯಾದ. 1621ರಲ್ಲಿ ಅವನ ಹೆಂಡತಿ ಅವನನ್ನು ಪುಸ್ತಕದ ಪೆಟ್ಟಿಗೆಯೊಳಗೆ ಮಲಗಿಸಿ ಆಚೆ ಸಾಗಿಸಿದಳಂತೆ! ಇದನ್ನು ಮೇಷ್ಟ್ರು ಟೀ ಕುಡಿಯುವಾಗ ಹೇಳಿದರು, ಪಾಠದಲ್ಲಿ ಅಲ್ಲ. ಬೇಗ ಹೊರಟವರಿಗೆ ಅದು ತಪ್ಪಿಹೋಯಿತು.

ಉಳಿದ ಹೊತ್ತನ್ನು ಯಾವುದಕ್ಕೆ ಕೊಟ್ಟರು ಅಂದರೆ ಕ್ಯಾಥೊಲಿಕರ ಒಳಗಿನ ಜಗಳಕ್ಕೆ. ಮೊಲಿನಾ ಎಂಬ ಜೆಸ್ವಿಟ್ 1588ರಲ್ಲಿ ಬರೆದ ಪುಸ್ತಕದಿಂದ ಜೆಸ್ವಿಟರು, ಡೊಮಿನಿಕನ್ನರು ಎಂಬ ಎರಡು ಕ್ಯಾಥೊಲಿಕ್ ಸನ್ಯಾಸಿ ಪಂಗಡಗಳಿಗೆ ಹತ್ತಿಕೊಂಡಿತು. ಯಾವ ಸಂದರ್ಭದಲ್ಲಿ ಯಾರು ಒಪ್ಪುತ್ತಾರೆ ಅನ್ನುವುದು ದೇವರಿಗೆ ಮೊದಲೇ ಗೊತ್ತು, ಅದನ್ನು ತಿಳಿದೇ ಕೃಪೆ ಕೊಡುತ್ತಾನೆ ಅಂತ ಜೆಸ್ವಿಟರು. ಹಾಗಾದರೆ ಕೃಪೆಯ ಫಲ ಮನುಷ್ಯನ ಕೈಲಿ ಸಿಕ್ಕಿಹಾಕಿಕೊಂಡಿತಲ್ಲ ಅಂತ ಡೊಮಿನಿಕನ್ನರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ. 1607ರಲ್ಲಿ ಐದನೇ ಪಾಲ್ ಪೋಪರು, ಎರಡೂ ಕಡೆಯವರು ನಿಮ್ಮ ನಿಮ್ಮ ವಾದ ಇಟ್ಟುಕೊಳ್ಳಿ, ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ, ತೀರ್ಪನ್ನು ಸಮಯ ಬಂದಾಗ ಹೇಳುತ್ತೇವೆ ಅಂತ ಮನೆಗೆ ಕಳಿಸಿದರು. ಆ ಸಮಯ ಇನ್ನೂ ಬಂದಿಲ್ಲ. ನಮ್ಮ ಕೋರ್ಟುಗಳನ್ನು ಬೈಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೇಲುಕೋಟೆ ಕಡೆಯ ಅಯ್ಯಂಗಾರರೊಬ್ಬರು, ಬ್ಯಾಂಕಿನಿಂದ ನಿವೃತ್ತರು, ಸುಮ್ಮನೆ ಕುತೂಹಲಕ್ಕೆ ಬರುತ್ತಿದ್ದರು. ಇದೆಲ್ಲ ನಮ್ಮ ಶ್ರೀವೈಷ್ಣವರ ಎರಡು ಪಂಗಡಗಳ ನಡುವೆಯೂ ಉಂಟು ಸ್ವಾಮಿ ಅಂದರು. ಮಂಗನ ಮರಿ ತಾನೇ ತಾಯಿಯನ್ನು ಹಿಡಿದುಕೊಳ್ಳುವ ಮರ್ಕಟ ನ್ಯಾಯ ವಡಗಲೆಯವರದ್ದು, ತಾಯಿಬೆಕ್ಕೇ ಮರಿಯನ್ನು ಕಚ್ಚಿಕೊಂಡು ಹೋಗುವ ಮಾರ್ಜಾಲ ನ್ಯಾಯ ತೆಂಗಲೆಯವರದ್ದು, ವೇದಾಂತ ದೇಶಿಕರು ಒಂದು ಕಡೆ, ಪಿಳ್ಳೈ ಲೋಕಾಚಾರ್ಯರು ಇನ್ನೊಂದು ಕಡೆ. ಮೇಷ್ಟ್ರು ಖುಷಿಪಟ್ಟರು, ಆದರೆ ಎರಡನ್ನೂ ಒಂದೇ ಅಂತ ಗಂಟು ಹಾಕಲಿಲ್ಲ. ಆಗಸ್ಟೀನನ ವಾದ ನಿಂತಿರುವುದು ಆದಾಮನ ಪಾಪದಿಂದ ಇಡೀ ಮನುಷ್ಯಕುಲದ ಮನಸ್ಸೇ ಕೆಟ್ಟಿದೆ ಅನ್ನುವುದರ ಮೇಲೆ, ಶ್ರೀವೈಷ್ಣವರ ಪ್ರಶ್ನೆ ಹುಟ್ಟುವುದು ಶರಣಾಗತಿಯಿಂದ ಅಂದರು. ಎಲ್ಲ ಧರ್ಮವೂ ಒಂದೇ ಅಂತ ಹೇಳಿ ಚಪ್ಪಾಳೆ ಗಿಟ್ಟಿಸುವ ಅವಕಾಶ ಬಿಟ್ಟುಕೊಟ್ಟರಲ್ಲ, ಅದಕ್ಕೆ ನನ್ನ ಕಡೆಯಿಂದ ಅರ್ಧ ಅಂಕ ಹೆಚ್ಚು.

ಕೊನೆಯ ವಾರ ಮೆಥೊಡಿಸ್ಟ್ ಪಂಥ ಶುರುಮಾಡಿದ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ, ಅಂದರೆ ನಮ್ಮ ಮನೆ ದೇವರ ಪಾಠ. ಮೈಸೂರು ಸೀಮೆಗೆ ಸುವಾರ್ತೆ ತಂದವರಲ್ಲಿ ವೆಸ್ಲಿಯನ್ ಮಿಷನ್ನಿನವರು ದೊಡ್ಡವರು. ಶಾಲೆ, ಅಚ್ಚುಕೂಟ, ಮಿಷನ್ ಆಸ್ಪತ್ರೆ ಅಂತ ಅವರ ಗುರುತು ಈ ಊರಿನ ತುಂಬ ಇದೆ. ನಮ್ಮ ಅಜ್ಜಿ ಹೇಳುತ್ತಿದ್ದ ಎಷ್ಟೋ ಮಾತು ವೆಸ್ಲಿಯದೇ ಅಂತ ನನಗೆ ಗೊತ್ತಾದದ್ದು ಅವತ್ತು. ಮನುಷ್ಯನ ಮನಸ್ಸು ತಾನಾಗಿ ದೇವರ ಕಡೆ ತಿರುಗಲಾರದು ಅನ್ನುವುದನ್ನು ವೆಸ್ಲಿ ಪೂರ್ತಿ ಒಪ್ಪುತ್ತಾನೆ. ಆದರೆ ಕೃಪೆಯೇ ಇಲ್ಲದ ಮನುಷ್ಯ ಎಲ್ಲಿದ್ದಾನೆ ಅಂತ ಕೇಳುತ್ತಾನೆ. ತಪ್ಪು ಮಾಡಿದಾಗ ಒಳಗೆ ಚುಚ್ಚುವುದನ್ನು ನಾವು ಸಹಜ ಅಂದುಕೊಂಡಿದ್ದೇವೆ, ಅದೂ ಮುಂಚಿತವಾಗಿ ಬಂದ ಕೃಪೆಯೇ, ಎಲ್ಲರಿಗೂ ಬಂದಿರುವಂಥದು. 1739ರಲ್ಲಿ ಬ್ರಿಸ್ಟಲಿನಲ್ಲಿ ಕೃಪೆ ಎಲ್ಲರಿಗೂ ಉಚಿತ ಅಂತ ಅವನು ಮಾಡಿದ ಬೋಧನೆಯಿಂದ ಪ್ರಾಣಸ್ನೇಹಿತ ವಿಟ್‌ಫೀಲ್ಡ್ ಜೊತೆ ಮುರಿದುಬಿತ್ತು, ವಿಟ್‌ಫೀಲ್ಡ್ ಕ್ಯಾಲ್ವಿನ್ ಪಕ್ಷ. ಆಮೇಲೆ ರಾಜಿಯಾದರು, 1770ರಲ್ಲಿ ವಿಟ್‌ಫೀಲ್ಡ್ ಸತ್ತಾಗ ಸ್ಮರಣೆಯ ಬೋಧನೆ ಮಾಡಿದ್ದು ವೆಸ್ಲಿಯೇ.

ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದ 12, 13ನೇ ವಚನಗಳನ್ನು ಮೇಷ್ಟ್ರು ನಮ್ಮ ಕೈಲೇ ಓದಿಸಿದರು. ನಡುಗುತ್ತಾ ನಿಮ್ಮ ರಕ್ಷಣೆಯನ್ನು ನೀವೇ ಸಾಧಿಸಿಕೊಳ್ಳಿ ಅಂತ ಒಂದು ವಚನ, ಇಚ್ಛಿಸುವ ಹಾಗೆಯೂ ಮಾಡುವ ಹಾಗೆಯೂ ನಿಮ್ಮೊಳಗೆ ಕೆಲಸ ಮಾಡುವವನು ದೇವರೇ ಅಂತ ಅದರ ಬೆನ್ನಿಗೇ ಇನ್ನೊಂದು. ವೆಸ್ಲಿ ಮುದುಕನಾದ ಮೇಲೆ, 1785ರಲ್ಲಿ, ಇವೆರಡನ್ನೂ ಹೊಲಿದ ರೀತಿ ಹೀಗೆ: ದೇವರು ಕೆಲಸ ಮಾಡುತ್ತಿದ್ದಾನೆ, ಆದ್ದರಿಂದ ನಿನ್ನ ಕೈಲಿ ಆಗುತ್ತದೆ, ದೇವರು ಕೆಲಸ ಮಾಡುತ್ತಿದ್ದಾನೆ, ಆದ್ದರಿಂದ ನೀನು ಮಾಡಲೇಬೇಕು. ನಾನು ವೆಸ್ಲಿ ಪಕ್ಷದಲ್ಲೇ ಉಳಿದೆ. ಆದರೆ ಆಗಸ್ಟೀನನ ಕಡೆಯವರನ್ನು ಇನ್ನು ಮೇಲೆ ಕಲ್ಲುಮನಸ್ಸಿನವರು ಅನ್ನಲಾರೆ. ಮೇಷ್ಟ್ರು ಒಂದು ಮಾತು ನೆನಪಿಸಿದರು. 1947ರಲ್ಲಿ ಮದ್ರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ಮೆಥೊಡಿಸ್ಟರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ ಮೂಲದವರು ಎಲ್ಲ ಒಂದಾದರು. ಅಂದರೆ ವೆಸ್ಲಿಯ ಮಕ್ಕಳೂ ಕ್ಯಾಲ್ವಿನ್ನನ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಒಂದೇ ರೊಟ್ಟಿ ತಿನ್ನುತ್ತಿದ್ದಾರೆ, ಹೆಚ್ಚಿನವರಿಗೆ ಅದು ಗೊತ್ತೂ ಇಲ್ಲ. 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ದೇವರ ಮುಂದೆ ಮನುಷ್ಯ ನೀತಿವಂತನೆನಿಸುವ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದನ್ನೂ, 2006ರಲ್ಲಿ ಮೆಥೊಡಿಸ್ಟರು ಅದಕ್ಕೆ ಸೇರಿದ್ದನ್ನೂ ಹೇಳಿ ಮುಗಿಸಿದರು.

ದೊಡ್ಡ ಕೊರತೆ ಒಂದಿದೆ, ಅದು ಕುರ್ಚಿಯದಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ವಿಷಯವೇ ಬರಲಿಲ್ಲ. ಅವರು ಆಗಸ್ಟೀನನ ಮಾತನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳದೆ, ದೇವರ ಕೆಲಸವೂ ಮನುಷ್ಯನ ಒಪ್ಪಿಗೆಯೂ ಜೊತೆಜೊತೆಗೇ ನಡೆಯುತ್ತವೆ ಅಂತ ಮೊದಲಿನಿಂದ ಹೇಳಿಕೊಂಡು ಬಂದವರು. ಇಲ್ಲಿ ತಪ್ಪಿತಸ್ಥನ ಹಾಗೆ ನಿಂತ ಕಾಸಿಯನ್ ಅಲ್ಲಿ ಸಂತ. ಇದನ್ನು ಹೇಳಿದ್ದು ಮೇಷ್ಟ್ರಲ್ಲ, ಕೇರಳ ಮೂಲದ ಒಬ್ಬ ನರ್ಸ್, ಕೊನೆಯ ದಿನ, ಚಪ್ಪಲಿ ಹಾಕಿಕೊಳ್ಳುವಾಗ. ಅಷ್ಟು ದಿನವೂ ಪಕ್ಕದಲ್ಲೇ ಕೂತಿದ್ದ ಅವರನ್ನು ಯಾರೂ ಮಾತಾಡಿಸಿರಲಿಲ್ಲ. ಡಾರ್ಟ್ ಸಭೆಯನ್ನು ಓಡಿಸಿದ ಹಾಗೆ ಓಡಿಸಿದ್ದರೂ ಪರವಾಗಿಲ್ಲ, ಈ ಕಡೆಗೊಂದು ಅರ್ಧ ಗಂಟೆ ಬೇಕಿತ್ತು.

ಐದಕ್ಕೆ ನಾಲ್ಕು. ಪ್ರಶ್ನೆ ಕೇಳುವ ಚಟ ಇರುವವರು ಖಂಡಿತ ಹೋಗಿ. ಉತ್ತರ ಸಿಕ್ಕೇಬಿಡಬೇಕು ಅನ್ನುವವರು ಬೇಡ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಆಡಿಸಲಿಕ್ಕೆ ಜಾಗವಿಲ್ಲ. ಮುಂದಿನ ಎರಡು ಸಾಲಿನಲ್ಲಿ ಕೂರಿ, ಮನೆಯಿಂದ ಒಂದು ದಿಂಬು ತೆಗೆದುಕೊಂಡು ಹೋಗಿ, ಸ್ಕೂಟರನ್ನು ಹಾಲಿನ ಗೇಟಿನ ಎದುರಿಗೆ ನಿಲ್ಲಿಸಬೇಡಿ. ಮುಂದಿನ ಸಲ ಪೂರ್ವದ ಸಭೆಗಳನ್ನು ಸೇರಿಸುತ್ತೇನೆ ಅಂತ ಮೇಷ್ಟ್ರು ನರ್ಸಮ್ಮನಿಗೆ ಮಾತು ಕೊಟ್ಟಿದ್ದಾರೆ. ಹಾಗಾದರೆ ನಾನು ಮತ್ತೆ ಮುನ್ನೂರು ಕಟ್ಟುತ್ತೇನೆ. ಮಂಗಳವಾರವೇ ಇಟ್ಟುಕೊಂಡರೆ ಒಳ್ಳೆಯದು, ಬೇರೆ ದಿನ ಪಾಳಿ ಬದಲಾಯಿಸಿಕೊಳ್ಳುವುದು ಕಷ್ಟ.